ಕನ್ನಡಕ ಬಿಡಿಸುವ ಲೇಸರ್: ತೋಟದಲ್ಲಿ ದುಡಿಯುವವರು ಮೊದಲು ತಿಳಿದಿರಬೇಕಾದದ್ದು

ಪ್ರಶ್ನೆ: ನನಗೆ 26 ವರ್ಷ. ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಎರಡೂ ಕಣ್ಣಿಗೆ ಮೈನಸ್ 5.5 ಪವರ್, ಸ್ವಲ್ಪ ಸಿಲಿಂಡರ್ ಕೂಡ ಇದೆ. ಮೂರು ವರ್ಷದಿಂದ ಪವರ್ ಬದಲಾಗಿಲ್ಲ. ಮಳೆಗಾಲದಲ್ಲಿ ಔಷಧಿ ಹೊಡೆಯುವಾಗ ಗ್ಲಾಸಿನ ಹೊರಗೆ ನೀರು, ಒಳಗೆ ಆವಿ, ಏನೂ ಕಾಣುವುದಿಲ್ಲ. ಲೇಸರ್ ಮಾಡಿಸಿಬಿಡೋಣ ಎಂದುಕೊಂಡಿದ್ದೇನೆ. ತಂಗಿಗೆ 19 ವರ್ಷ, ಶಿವಮೊಗ್ಗದಲ್ಲಿ ಓದುತ್ತಿದ್ದಾಳೆ. ಕಳೆದ ವರ್ಷ ಅವಳ ಪವರ್ 4 ಇತ್ತು, ಈಗ 5 ಆಗಿದೆ. ಕಣ್ಣು ತುರಿಕೆ ಇದೆ, ಸದಾ ಉಜ್ಜುತ್ತಿರುತ್ತಾಳೆ. ಮದುವೆ ಮಾತು ಶುರುವಾಗಿದೆ, ಅವಳಿಗೂ ಮಾಡಿಸಿಬಿಡಿ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ಇಬ್ಬರೂ ಒಟ್ಟಿಗೆ ಬಂದರೆ ರಿಯಾಯಿತಿ ಎಂದು ಒಂದು ಕಡೆ ಹೇಳಿದ್ದಾರೆ. ಮಾಡಿಸಬಹುದೇ? ಯಾವ ವಿಧಾನ ಒಳ್ಳೆಯದು? ಮತ್ತೆ ಪವರ್ ಬರುತ್ತದೆಯೇ?

ಉತ್ತರ: ತಂಗಿಯ ವಿಷಯ ಮೊದಲು ಹೇಳಿಬಿಡುತ್ತೇನೆ, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಅವಳಿಗೆ ಈಗ ಬೇಡ. ವಯಸ್ಸು 18 ದಾಟಿದರೆ ಸಾಕು ಎಂದು ಹಲವರು ತಿಳಿದಿದ್ದಾರೆ. 18 ಎನ್ನುವುದು ಕೆಳಗಿನ ಮಿತಿ ಮಾತ್ರ. ಅದರ ಜೊತೆಗೆ ಕನಿಷ್ಠ ಒಂದು ವರ್ಷದಲ್ಲಿ ಪವರ್ 0.5ಕ್ಕಿಂತ ಹೆಚ್ಚು ಬದಲಾಗಿರಬಾರದು. ಅವಳದು ಒಂದೇ ವರ್ಷದಲ್ಲಿ ಒಂದು ಪೂರ್ತಿ ಪವರ್ ಏರಿದೆ. ಕಣ್ಣು ಇನ್ನೂ ಉದ್ದವಾಗುತ್ತಿದೆ ಎನ್ನುವುದಕ್ಕೆ ಅದು ಗುರುತು. ಇವತ್ತು 5 ಪವರ್ ತೆಗೆದರೆ ಎರಡು ವರ್ಷದಲ್ಲಿ ಮತ್ತೆ ಒಂದೂವರೆಯೋ ಎರಡೋ ಬಂದು ಕೂರಬಹುದು. ಲೇಸರ್ ಪವರ್ ತೆಗೆಯುವುದು ಕಾರ್ನಿಯಾವನ್ನು, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರವನ್ನು, ಸ್ವಲ್ಪ ತೆಳು ಮಾಡಿ. ಆಗ ಮತ್ತೆ ಲೇಸರ್ ಮಾಡಲು ಅದರಲ್ಲಿ ಸಾಕಷ್ಟು ದಪ್ಪ ಉಳಿದಿರುತ್ತದೆ ಎನ್ನುವ ಖಾತ್ರಿ ಇಲ್ಲ.

ಪವರ್ ಏರಿರುವುದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಆ ಉಜ್ಜುವ ಅಭ್ಯಾಸ. ಹದಿಹರೆಯದವರಲ್ಲಿ ಅಲರ್ಜಿ, ತುರಿಕೆ, ಗಟ್ಟಿಯಾಗಿ ಕಣ್ಣುಜ್ಜುವುದು, ಮೇಲಿಂದ ಮೇಲೆ ಪವರ್ ಬದಲಾಗುವುದು ಇವೆಲ್ಲ ಒಟ್ಟಿಗೆ ಕಂಡರೆ ಕೆರಟೊಕೋನಸ್ ಇದೆಯೇ ಎಂದು ನೋಡಲೇಬೇಕು. ಈ ಕಾಯಿಲೆಯಲ್ಲಿ ಕಾರ್ನಿಯಾ ನಿಧಾನವಾಗಿ ತೆಳುವಾಗುತ್ತಾ ಹೋಗಿ, ಹಳೆಯ ಸೈಕಲ್ ಟ್ಯೂಬು ಸವೆದ ಜಾಗದಲ್ಲಿ ಉಬ್ಬಿಕೊಳ್ಳುವ ಹಾಗೆ ಮುಂದಕ್ಕೆ ಉಬ್ಬುತ್ತದೆ. ಶುರುವಿನಲ್ಲಿ ಸಿಲಿಂಡರ್ ಪವರ್, ಅಂದರೆ ಕಾರ್ನಿಯಾದ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದ್ದರಿಂದ ಬರುವ ಪವರ್, ಸ್ವಲ್ಪ ಜಾಸ್ತಿಯಾಗುತ್ತದೆ, ಅಷ್ಟೇ. ಕನ್ನಡಕದ ಅಂಗಡಿಯ ಕಂಪ್ಯೂಟರ್ ತಪಾಸಣೆಯಲ್ಲಿ ಇದು ಗೊತ್ತಾಗುವುದಿಲ್ಲ. ಅಂಥ ಕಾರ್ನಿಯಾದ ಮೇಲೆ ಲೇಸರ್ ಮಾಡಿದರೆ ಮೊದಲೇ ಬಲವಿಲ್ಲದ ಪದರ ಇನ್ನಷ್ಟು ತೆಳುವಾಗಿ, ಕೆಲವು ತಿಂಗಳಲ್ಲೋ ವರ್ಷಗಳಲ್ಲೋ ಉಬ್ಬಿ, ಕನ್ನಡಕ ಹಾಕಿದರೂ ಸರಿಯಾಗಿ ಕಾಣದ ಸ್ಥಿತಿ ಬರಬಹುದು. ಲೇಸರ್‌ನಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಹೆದರುವುದು ಇದಕ್ಕೆ. ಮೊದಲೇ ಸರಿಯಾಗಿ ಪರೀಕ್ಷೆ ಮಾಡಿದರೆ ಬಹುಪಾಲು ತಪ್ಪಿಸಬಹುದು.

ಹಾಗಾಗಿ ತಂಗಿಗೆ ಈ ತಿಂಗಳಲ್ಲೇ ಕಾರ್ನಿಯಾ ಟೋಪೋಗ್ರಫಿ, ಅಂದರೆ ಕಾರ್ನಿಯಾದ ಆಕಾರದ ನಕ್ಷೆ ತೆಗೆಯುವ ಪರೀಕ್ಷೆ, ಮಾಡಿಸಿ. ಲೇಸರ್ ಮಾಡಿಸಲು ಅಲ್ಲ, ಕಾಯಿಲೆ ಇದ್ದರೆ ಬೇಗ ಹಿಡಿಯಲು. ಬೇಗ ಸಿಕ್ಕಿದರೆ ಸಿ3ಆರ್ ಎಂಬ ಚಿಕಿತ್ಸೆ ಇದೆ. ರೈಬೋಫ್ಲೇವಿನ್ ಹನಿ ಹಾಕಿ ನೇರಳಾತೀತ ಬೆಳಕು ಬಿಟ್ಟು ಕಾರ್ನಿಯಾವನ್ನು ಗಟ್ಟಿ ಮಾಡುತ್ತಾರೆ, ಹೆಚ್ಚಿನವರಲ್ಲಿ ಕಾಯಿಲೆ ಅಲ್ಲಿಗೇ ನಿಲ್ಲುತ್ತದೆ. ರಿಪೋರ್ಟ್ ಸರಿ ಇದ್ದರೆ ಬಹಳ ಸಂತೋಷ. ಅಲರ್ಜಿಗೆ ವೈದ್ಯರು ಬರೆದುಕೊಟ್ಟ ಡ್ರಾಪ್ಸ್ ಹಾಕಿಕೊಂಡು, ಉಜ್ಜುವುದನ್ನು ಬಿಟ್ಟು, ವರ್ಷಕ್ಕೊಮ್ಮೆ ಪವರ್ ನೋಡಿಸುತ್ತಿರಲಿ. ತುರಿಕೆ ಬಂದಾಗ ಕಣ್ಣು ಮುಚ್ಚಿ ರೆಪ್ಪೆಯ ಮೇಲೆ ತಣ್ಣೀರಿನ ಬಟ್ಟೆ ಇಟ್ಟುಕೊಂಡರೆ ಎಷ್ಟೋ ಕಡಿಮೆಯಾಗುತ್ತದೆ. ಮದುವೆಯ ಬಗ್ಗೆ ಒಂದು ಮಾತು, ಮನೆಯ ಹಿರಿಯರೂ ಇದನ್ನು ಓದುತ್ತಾರೆ ಎಂದುಕೊಂಡು ಹೇಳುತ್ತಿದ್ದೇನೆ. ಹುಡುಗಿಗೆ ಕನ್ನಡಕ ಇದೆ ಎಂದು ಹಿಂಜರಿಯುವ ಸಂಬಂಧಕ್ಕಾಗಿ ಇನ್ನೂ ಬೆಳೆಯುತ್ತಿರುವ ಕಣ್ಣಿಗೆ ಲೇಸರ್ ಹಾಕಿಸಬೇಡಿ. ಮೇಲಾಗಿ ಬಸುರಿಯಾದಾಗ ಮತ್ತು ಮಗುವಿಗೆ ಹಾಲೂಡಿಸುವಾಗ ಪವರ್ ಏರುಪೇರಾಗುವುದುಂಟು. ಆ ಸಮಯದಲ್ಲೂ ಲೇಸರ್ ಮಾಡುವುದಿಲ್ಲ.

ಇನ್ನು ನಿಮ್ಮ ವಿಷಯ. 26 ವರ್ಷ, ಮೂರು ವರ್ಷದಿಂದ ಬದಲಾಗದ ಪವರ್, ಕೆಲಸಕ್ಕೆ ನಿಜವಾಗಿ ಅಡ್ಡ ಬರುವ ಕನ್ನಡಕ. ಕೇಳಲು ಎಲ್ಲವೂ ಅನುಕೂಲಕರವಾಗಿಯೇ ಇದೆ. ಆದರೂ ಮಾಡಬಹುದೋ ಇಲ್ಲವೋ ಎಂದು ಹೇಳಬೇಕಾದ್ದು ನಿಮ್ಮ ಕಾರ್ನಿಯಾ. ಅದರ ಲೆಕ್ಕ ಹೀಗೆ. ಸಾಮಾನ್ಯವಾಗಿ ಕಾರ್ನಿಯಾದ ದಪ್ಪ ನಡುವಿನಲ್ಲಿ ಸುಮಾರು 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಲೇಸರ್ ಪ್ರತಿ ಒಂದು ಪವರ್‌ಗೆ ಸುಮಾರು 12ರಿಂದ 15 ಮೈಕ್ರಾನ್ ತೆಗೆಯುತ್ತದೆ. ನಿಮ್ಮ ಐದೂವರೆಗೆ ಸುಮಾರು 75 ಎಂದಿಟ್ಟುಕೊಳ್ಳಿ, ಸಿಲಿಂಡರ್‌ಗೆ ಇನ್ನು ಸ್ವಲ್ಪ. ಲಾಸಿಕ್ ಎಂಬ ವಿಧಾನವಾದರೆ ಮೇಲಿನ ಪದರವನ್ನು ಮುಚ್ಚಳದಂತೆ ಎತ್ತಬೇಕು, ಅದಕ್ಕೆ ಸುಮಾರು 110. ಇವೆರಡನ್ನೂ ಕಳೆದ ಮೇಲೆ ತಳದಲ್ಲಿ ಕನಿಷ್ಠ 250 ಮೈಕ್ರಾನ್ ಉಳಿಯಬೇಕು. ನಾವು ಕಣ್ಣಿನ ವೈದ್ಯರಲ್ಲಿ ಅನೇಕರು 300 ಇಲ್ಲದೆ ಕೈ ಹಾಕುವುದಿಲ್ಲ. ನಿಮ್ಮ ಕಾರ್ನಿಯಾ 540 ಇದ್ದರೆ 350ರ ಹತ್ತಿರ ಉಳಿಯುತ್ತದೆ, ಚಿಂತೆಯಿಲ್ಲ. ಅದೇ 480 ಇದ್ದರೆ 300ಕ್ಕಿಂತ ಕೆಳಗೆ ಇಳಿಯುತ್ತದೆ, ಆಗ ಯೋಚನೆ ಮಾಡಬೇಕು. ಒಂದೇ ಪವರ್ ಇರುವ ಇಬ್ಬರಲ್ಲಿ ಒಬ್ಬರಿಗೆ ಆಗುತ್ತದೆ, ಇನ್ನೊಬ್ಬರಿಗೆ ಆಗುವುದಿಲ್ಲ ಎನ್ನುವುದು ಇದೇ ಕಾರಣಕ್ಕೆ. ಪಕ್ಕದ ಮನೆಯ ಹುಡುಗನಿಗೆ ಚೆನ್ನಾಗಿ ಆಯಿತು ಎನ್ನುವುದರಿಂದ ನಿಮ್ಮ ಕಣ್ಣಿನ ಬಗ್ಗೆ ಏನೂ ತಿಳಿಯುವುದಿಲ್ಲ.

ದಪ್ಪದ ಜೊತೆಗೆ ಆಕಾರವೂ ಮುಖ್ಯ. ಪೆಂಟಾಕ್ಯಾಮ್‌ನಂಥ ಯಂತ್ರ ಕಾರ್ನಿಯಾದ ಮುಂದಿನ ಮೈ, ಹಿಂದಿನ ಮೈ ಎರಡನ್ನೂ ಬಣ್ಣಬಣ್ಣದ ನಕ್ಷೆಯಾಗಿ ತೋರಿಸುತ್ತದೆ. ಹಿಂಭಾಗದಲ್ಲಿ ಸಣ್ಣ ಉಬ್ಬು ಇದ್ದರೂ ಅದರಲ್ಲಿ ಸಿಗುತ್ತದೆ. ಆ ನಕ್ಷೆಯನ್ನು ಎದುರಿಗಿಟ್ಟುಕೊಂಡು ವೈದ್ಯರೇ ನಿಮಗೆ ವಿವರಿಸಬೇಕು, ಕೌಂಟರಿನಲ್ಲಿ ಕೂತ ಸಲಹೆಗಾರರಲ್ಲ. ನೀವು ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಿದ್ದರೆ ಪರೀಕ್ಷೆಗೆ ಮೊದಲು ತೆಗೆದಿಡಬೇಕು. ಮೆದು ಲೆನ್ಸ್ ಒಂದೆರಡು ವಾರ, ಗಟ್ಟಿ ಲೆನ್ಸ್ ಮೂರು ನಾಲ್ಕು ವಾರ. ಲೆನ್ಸ್ ಒತ್ತಿದ ಕಾರ್ನಿಯಾದ ಅಳತೆ ತಪ್ಪಾಗಿ ಬರುತ್ತದೆ. ಕಣ್ಣೀರಿನ ಪರೀಕ್ಷೆಯೂ ಆಗಬೇಕು. ಕೆಳರೆಪ್ಪೆಯ ಒಳಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷದಲ್ಲಿ ಎಷ್ಟು ಮಿಲಿಮೀಟರ್ ನೆನೆಯಿತು ಎಂದು ನೋಡುತ್ತಾರೆ.

ಪಾಪೆ ಅಗಲವಾಗುವ ಡ್ರಾಪ್ಸ್ ಹಾಕಿ ರೆಟಿನಾ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಬೆಳಕು ಗ್ರಹಿಸುವ ಪದರ, ನೋಡುವುದನ್ನು ಯಾರೂ ಬಿಡಬಾರದು. ಲೇಸರ್ ಕಾರ್ನಿಯಾದ ಬಾಗನ್ನು ಬದಲಿಸುತ್ತದೆಯೇ ಹೊರತು ಉದ್ದವಾದ ಕಣ್ಣನ್ನು ಗಿಡ್ಡ ಮಾಡುವುದಿಲ್ಲ. ಉದ್ದದ ಕಣ್ಣಿನಲ್ಲಿ ರೆಟಿನಾ ಅಂಚಿನಲ್ಲಿ ತೆಳುವಾಗಿರಬಹುದು, ತೂತಾಗಿರಬಹುದು. ಕನ್ನಡಕ ಹೋಯಿತೆಂದು ಆ ಅಪಾಯ ಹೋಗುವುದಿಲ್ಲ. ಲೇಸರ್ ಆಗಿ ಹತ್ತು ವರ್ಷವಾದ ಮೇಲೂ ಕಣ್ಣೆದುರು ಮಿಂಚು ಹೊಡೆದಂತಾಗುವುದು, ಒಮ್ಮೆಲೇ ಕಪ್ಪು ಚುಕ್ಕೆಗಳು ತೇಲುವುದು, ಪರದೆ ಇಳಿದಂತಾಗುವುದು ಕಂಡರೆ ಅದೇ ದಿನ ಕಣ್ಣಿನ ಆಸ್ಪತ್ರೆಗೆ ಹೊರಡಿ.

ಯಾವ ವಿಧಾನ ಎಂದು ಕೇಳಿದ್ದೀರಿ. ಜಾಹೀರಾತಿನಲ್ಲಿ ಹತ್ತಾರು ಹೆಸರು ಕಂಡರೂ ಮೂಲದಲ್ಲಿ ಇರುವುದು ಮೂರು ದಾರಿ. ಲಾಸಿಕ್‌ನಲ್ಲಿ ಮುಚ್ಚಳ ಎತ್ತಿ, ಒಳಗೆ ಲೇಸರ್ ಹಾಯಿಸಿ, ಮತ್ತೆ ಮುಚ್ಚುತ್ತಾರೆ. ಮರುದಿನವೇ ಚೆನ್ನಾಗಿ ಕಾಣುತ್ತದೆ. ಪಿಆರ್‌ಕೆ ಲಾಸಿಕ್‌ಗಿಂತ ಹಳೆಯದು. ಮುಚ್ಚಳ ಇರುವುದಿಲ್ಲ, ಮೇಲಿನ ತೆಳು ಚರ್ಮ ಸರಿಸಿ ಮೇಲ್ಮೈಯಲ್ಲೇ ಲೇಸರ್ ಮಾಡುತ್ತಾರೆ. ಮೂರು ನಾಲ್ಕು ದಿನ ಚೆನ್ನಾಗಿಯೇ ನೋವು, ಉರಿ, ನೀರು ಸುರಿಯುವುದು ಇರುತ್ತದೆ, ದೃಷ್ಟಿ ತಿಳಿಯಾಗಲು ವಾರಗಳು ಬೇಕು. ಸ್ಮೈಲ್‌ನಲ್ಲಿ ಕಾರ್ನಿಯಾದ ಒಳಗೇ ಒಂದು ಸಣ್ಣ ಬಿಲ್ಲೆಯಷ್ಟು ಭಾಗವನ್ನು ಲೇಸರ್‌ನಿಂದ ಬಿಡಿಸಿ, ಎರಡರಿಂದ ನಾಲ್ಕು ಮಿಲಿಮೀಟರಿನ ಸೀಳಿನಿಂದ ಹೊರಗೆ ಎಳೆಯುತ್ತಾರೆ. ಇದಕ್ಕೆ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು 2016ರಲ್ಲಿ.

ಕಚೇರಿಯಲ್ಲಿ ಕೂತು ಕೆಲಸ ಮಾಡುವವರಿಗೆ ಇವುಗಳ ನಡುವೆ ದೊಡ್ಡ ವ್ಯತ್ಯಾಸವಿಲ್ಲ. ನಿಮಗೆ ಇದೆ. ಲಾಸಿಕ್ ಮುಚ್ಚಳ ಅಂಚಿನಲ್ಲಿ ಕೂಡಿಕೊಳ್ಳುತ್ತದೆ, ಆದರೆ ಮೊದಲಿನಷ್ಟು ಗಟ್ಟಿಯಾಗಿ ಎಂದೂ ಅಂಟುವುದಿಲ್ಲ. ಜೋರಾಗಿ ಪೆಟ್ಟು ಬಿದ್ದು ವರ್ಷಗಳ ನಂತರ ಮುಚ್ಚಳ ಜರುಗಿದ ಉದಾಹರಣೆಗಳಿವೆ. ತೋಟದಲ್ಲಿ ಒಣಗಿದ ಸೋಗೆ ಬೀಳುತ್ತದೆ, ಕೊನೆ, ಅಂದರೆ ಅಡಿಕೆ ಗೊಂಚಲು, ಇಳಿಸುವಾಗ ಅಡಿಕೆ ಉದುರುತ್ತದೆ, ಕತ್ತಿಯಿಂದ ಸವರಿದ ರೆಂಬೆ ತಿರುಗಿ ಮುಖಕ್ಕೆ ಹೊಡೆಯುತ್ತದೆ, ಕೊಟ್ಟಿಗೆಯಲ್ಲಿ ಹಾಲು ಕರೆಯುವಾಗ ದನ ಬಾಲ ಬೀಸುತ್ತದೆ. ಕುಸ್ತಿ, ಕಬಡ್ಡಿಯಂಥ ಆಟದವರಿಗೆ ಮುಚ್ಚಳವಿಲ್ಲದ ವಿಧಾನ ಹೇಳುತ್ತೇವಲ್ಲ, ತೋಟದ ಕೆಲಸದವರಿಗೂ ನನ್ನ ಸಲಹೆ ಅದೇ. ಪರೀಕ್ಷೆಯಲ್ಲಿ ಎಲ್ಲ ಸರಿ ಬಂದರೆ ನಿಮ್ಮ ಪವರ್‌ಗೆ ಪಿಆರ್‌ಕೆ ಅಥವಾ ಸ್ಮೈಲ್ ಕಡೆ ಒಲವು ಇಟ್ಟುಕೊಳ್ಳಿ. ಪಿಆರ್‌ಕೆ ಅಗ್ಗವೂ ಹೌದು. ಅದರ ತೊಂದರೆ ಎಂದರೆ ಪವರ್ ಹೆಚ್ಚಿದ್ದಷ್ಟೂ ಕಾರ್ನಿಯಾ ಮಂಜಾಗುವ ಸಾಧ್ಯತೆ ಹೆಚ್ಚು. ಅದಕ್ಕಾಗಿ ಶಸ್ತ್ರಚಿಕಿತ್ಸೆಯ ವೇಳೆ ಮೈಟೊಮೈಸಿನ್ ಎಂಬ ಔಷಧಿ ಸವರುತ್ತಾರೆ. ನೀವು ಕೆಲವು ತಿಂಗಳು ಬಿಸಿಲಿನಲ್ಲಿ ಯುವಿ ತಡೆಯುವ ತಂಪು ಕನ್ನಡಕ ಹಾಕಬೇಕು, ಬರೆದಷ್ಟು ದಿನ ಸ್ಟೀರಾಯ್ಡ್ ಡ್ರಾಪ್ಸ್ ಬಿಡಬೇಕು. ಡ್ರಾಪ್ಸ್ ಮುಗಿದ ಮೇಲೆ ಮೆಡಿಕಲ್ ಶಾಪಿನಿಂದ ನೀವೇ ಇನ್ನೊಂದು ಬಾಟಲಿ ತಂದು ಮುಂದುವರಿಸಬೇಡಿ, ಕಣ್ಣಿನ ಒತ್ತಡ ಏರಿ, ಕಣ್ಣಿನ ನರ ಹಾಳಾಗುವ ಗ್ಲಾಕೋಮಾ ಬರಬಹುದು. ಕಾರ್ನಿಯಾ ತೆಳುವಿದ್ದು ಲೇಸರ್ ಆಗುವುದೇ ಇಲ್ಲ ಎಂದರೆ ಕಣ್ಣೊಳಗೆ ಲೆನ್ಸ್ ಇಡುವ ಐಸಿಎಲ್ ಇದೆ. ಅದು ದುಬಾರಿ, ಕಣ್ಣಿನ ಒಳಗೇ ಮಾಡುವ ಶಸ್ತ್ರಚಿಕಿತ್ಸೆ, ಅದರ ಅಪಾಯಗಳೂ ಬೇರೆ. ಕೆರಟೊಕೋನಸ್ ಅನುಮಾನವಿದ್ದರೂ ನಾವು ಲೇಸರ್ ಬೇಡ ಎನ್ನುತ್ತೇವೆ. ಬೇಡ ಎಂದ ವೈದ್ಯರ ಮೇಲೆ ಬೇಸರಪಟ್ಟುಕೊಂಡು, ಹೂಂ ಎನ್ನುವವರನ್ನು ಹುಡುಕಿ ಹೋಗಬೇಡಿ.

ಯಾವಾಗ ಮಾಡಿಸಬೇಕು ಎನ್ನುವುದು ಮಲೆನಾಡಿನಲ್ಲಿ ಸಣ್ಣ ವಿಷಯವಲ್ಲ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಜೂನ್‌ನಲ್ಲಿ ಶುರುವಾದರೆ ಮಳೆ ಹಿಡಿದಿರುವವರೆಗೂ ಸುತ್ತು ಬರುತ್ತಲೇ ಇರುತ್ತದೆ. ದೀಪಾವಳಿಯ ಆಸುಪಾಸಿನಿಂದ ಕೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಮನೆ ತುಂಬ ಧೂಳು ಮತ್ತು ಒಲೆಯ ಹೊಗೆ. ಕೊಯ್ಲು ಮುಗಿದು ಯುಗಾದಿಗೆ ಮುಂಚೆ ಸಿಗುವ ಬಿಡುವಿನಲ್ಲಿ ಮಾಡಿಸಿದರೆ ಮಳೆ ಬೀಳುವ ಹೊತ್ತಿಗೆ ಕಣ್ಣು ಸಾಕಷ್ಟು ಚೇತರಿಸಿಕೊಂಡಿರುತ್ತದೆ. ಮೊದಲ ಒಂದು ತಿಂಗಳು ತೋಟದ ಕೆಲಸ ಬೇಡವೇ ಬೇಡ. ಎಲೆ, ಕಡ್ಡಿ, ಅಡಿಕೆ ಸಿಪ್ಪೆಯ ಚೂರು ತಾಗಿ ಆಗುವ ಸಣ್ಣ ಗಾಯದಿಂದ ಕಾರ್ನಿಯಾಕ್ಕೆ ಶಿಲೀಂಧ್ರದ ಹುಣ್ಣು ಹತ್ತುತ್ತದೆ. ಕೃಷಿ ಮಾಡುವವರಲ್ಲಿ ಇದು ನಾವು ಮತ್ತೆ ಮತ್ತೆ ನೋಡುವ ಕಾಯಿಲೆ, ವಾಸಿ ಮಾಡುವುದು ಬಹಳ ಕಷ್ಟ.

ಬೋರ್ಡೋ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನಿಮ್ಮ ಕನ್ನಡಕ ಇಷ್ಟು ವರ್ಷ ನಿಮಗೆ ಕಾಟ ಕೊಡುತ್ತಲೇ ಒಂದು ಉಪಕಾರವನ್ನೂ ಮಾಡಿದೆ. ಈಗ ಹಲವರು ಮರ ಹತ್ತಿಸದೆ ಕೆಳಗೆ ನಿಂತೇ ಉದ್ದದ ದೋಟಿಯಿಂದ ಹೊಡೆಯುತ್ತಾರೆ. ತಲೆ ಎತ್ತಿ ಕೊನೆಯನ್ನೇ ನೋಡುತ್ತಿರುವಾಗ ಹನಿಗಳು ನೇರ ಮುಖಕ್ಕೆ ಇಳಿಯುತ್ತವೆ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣದ ಲೆಕ್ಕದಲ್ಲಿ ಮಾಡಿದ ದ್ರಾವಣ ಅದು. ಡ್ರಮ್ಮಿನಲ್ಲಿ ಸುಣ್ಣ ಕರಗಿಸುವಾಗ ಸಿಡಿಯುವ ತಿಳಿ ಇನ್ನೂ ಕೆಟ್ಟದ್ದು, ಸುಣ್ಣದಂಥ ಕ್ಷಾರ ಕಾರ್ನಿಯಾವನ್ನು ಸುಡುತ್ತಾ ಒಳಕ್ಕೆ ಇಳಿಯುತ್ತದೆ. ಆ ಹನಿಗಳಲ್ಲಿ ಎಷ್ಟನ್ನೋ ನಿಮ್ಮ ಗ್ಲಾಸು ತಡೆದಿದೆ. ಲೇಸರ್ ಆದ ಮೇಲೆ ಅದು ಇರುವುದಿಲ್ಲ. ಹಾಗಾಗಿ ಕಣ್ಣಿನ ಸುತ್ತ ಮುಚ್ಚಿಕೊಳ್ಳುವ ಗಾಗಲ್ ಹಾಕದೆ ಔಷಧಿ ಹೊಡೆಯಬಾರದು, ಸುಣ್ಣ ಕಲಸಬಾರದು. ಅದರ ಮೇಲೂ ನೀರು ಕೂರುತ್ತದೆ, ಆವಿ ಕಟ್ಟುತ್ತದೆ, ಹೌದು. ಆದರೆ ಅದನ್ನು ತೆಗೆದು ಒರೆಸುವಾಗ ನಿಮಗೆ ಕಣ್ಣು ಕಾಣುತ್ತಿರುತ್ತದೆ. ಮಳೆಗಾಲದ ಈ ಒಂದೇ ತೊಂದರೆಗೆ ಲೇಸರ್ ಬೇಕು ಎನ್ನುವವರು ಮೊದಲು ಇದನ್ನು ತೂಗಿ ನೋಡಬೇಕು. ಅಕಸ್ಮಾತ್ ಕಣ್ಣಿಗೆ ಸಿಡಿದರೆ ಅಲ್ಲೇ, ಆ ಕ್ಷಣವೇ, ಶುದ್ಧ ನೀರಿನಿಂದ 20 ನಿಮಿಷವಾದರೂ ಬಿಡದೆ ತೊಳೆದು, ಆಮೇಲೆ ಆಸ್ಪತ್ರೆಗೆ ಹೊರಡಿ. ನಂದಿಬಟ್ಟಲು ಹೂವಿನ ರಸ, ಹರಳೆಣ್ಣೆ, ಎದೆಹಾಲು ಯಾವುದನ್ನೂ ಹಾಕಬೇಡಿ.

ಅಡ್ಡ ಪರಿಣಾಮಗಳನ್ನು ಮುಚ್ಚಿಡದೆ ಹೇಳುತ್ತೇನೆ. ಕಾರ್ನಿಯಾದ ನರಗಳು ಕತ್ತರಿಸುವುದರಿಂದ ಕಣ್ಣು ಒಣಗುವುದು ಸಾಮಾನ್ಯ, ಆರು ತಿಂಗಳಿಂದ ವರ್ಷದೊಳಗೆ ಹೆಚ್ಚಿನವರಿಗೆ ಸುಧಾರಿಸುತ್ತದೆ. ಕೆಲವರಿಗೆ ಉಳಿದುಬಿಡುತ್ತದೆ. ರಾತ್ರಿ ದೀಪಗಳ ಸುತ್ತ ಪ್ರಭೆ, ಕಿರಣ ಚೆಲ್ಲಿದಂತೆ ಕಾಣುವುದು ಇನ್ನೊಂದು. ಎಫ್‌ಡಿಎ ಕೈಗೊಂಡ ಪ್ರೌಲ್ ಅಧ್ಯಯನಗಳಲ್ಲಿ, ಲಾಸಿಕ್‌ಗೆ ಮೊದಲು ಇಂಥ ತೊಂದರೆ ಏನೂ ಇಲ್ಲದಿದ್ದವರಲ್ಲಿ ಶೇ. 46ರವರೆಗೂ ಮೂರು ತಿಂಗಳಾದಾಗ ಹೊಸದಾಗಿ ಒಂದಾದರೂ ಇದೆ ಎಂದರು. ಒಣಗಣ್ಣು ಇಲ್ಲದಿದ್ದವರಲ್ಲಿ ಶೇ. 30ರವರೆಗೆ ಅದು ಹೊಸದಾಗಿ ಬಂತು. ಅದೇ ಅಧ್ಯಯನಗಳಲ್ಲಿ ದಿನನಿತ್ಯದ ಕೆಲಸಕ್ಕೆ ಬಹಳ ಅಡ್ಡಿಯಾಯಿತು ಎಂದವರು ಶೇ. 1ಕ್ಕಿಂತ ಕಡಿಮೆ, ದೃಷ್ಟಿಯ ಬಗ್ಗೆ ತೃಪ್ತರಾದವರು ಶೇ. 95ಕ್ಕಿಂತ ಹೆಚ್ಚು. ಎರಡೂ ನಿಜ, ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಯೋಚಿಸಿ. ರಾತ್ರಿ ಸಕ್ರೆಬೈಲು, ಮಂಡಗದ್ದೆ ದಾಟಿ ಬೈಕಿನಲ್ಲಿ ಓಡಾಡುವ ಅಭ್ಯಾಸವಿದ್ದರೆ ಎದುರು ಬರುವ ಲಾರಿಯ ಬೆಳಕು ಮೊದಲ ಕೆಲವು ತಿಂಗಳು ಹೆಚ್ಚು ಹರಡಿ ಕಾಣಬಹುದು, ಅಷ್ಟು ದಿನ ರಾತ್ರಿ ಸವಾರಿ ಬಿಡಿ. ಸೋಂಕು ಅಪರೂಪ, ಆದರೆ ಬಂದರೆ ಗಂಭೀರ. ನೋವು ಜಾಸ್ತಿಯಾಗುತ್ತಾ ಹೋದರೆ, ಕಣ್ಣು ಕೆಂಪಾಗಿ ದೃಷ್ಟಿ ಕಡಿಮೆಯಾದರೆ ಬೆಳಗಿನ ಬಸ್ಸಿಗೆ ಕಾಯಬೇಡಿ.

ಮತ್ತೆ ಪವರ್ ಬರುತ್ತದೆಯೇ? ಸ್ಥಿರವಾದ ಕಣ್ಣಿನಲ್ಲಿ ದೊಡ್ಡದಾಗಿ ಬರುವುದಿಲ್ಲ. ಅರ್ಧ, ಮುಕ್ಕಾಲು ಉಳಿಯುವುದು ಅಥವಾ ಕಾಲಕ್ರಮದಲ್ಲಿ ಮರಳುವುದು ಉಂಟು. ಆದರೆ ನಲವತ್ತು ದಾಟಿದ ಮೇಲೆ ಓದಲು ಚಾಳೀಸು ಸಾಮಾನ್ಯವಾಗಿ ಬೇಕಾಗುತ್ತದೆ. ಲೇಸರ್ ಮಾಡಿಸಿಕೊಂಡವರಿಗೂ ಬೇಕು. ನಿಮ್ಮಂಥ ಮೈನಸ್ ಪವರ್‌ನವರು ಕನ್ನಡಕ ತೆಗೆದರೆ ಆ ವಯಸ್ಸಿನಲ್ಲೂ ಹತ್ತಿರದ್ದನ್ನು ಸಲೀಸಾಗಿ ನೋಡುತ್ತಾರೆ. ಲೇಸರ್ ಆದರೆ ಆ ಅನುಕೂಲ ಹೋಗುತ್ತದೆ. ನಿಮಗೆ ಮುಂದೆ ಹದಿನಾಲ್ಕು, ಹದಿನೈದು ವರ್ಷಗಳಿವೆ. 38ರ ವಯಸ್ಸಿನಲ್ಲಿ ಕೇಳುವವರಿಗೆ ಈ ಮಾತನ್ನು ನಾನು ಇನ್ನೂ ಒತ್ತಿ ಹೇಳುತ್ತೇನೆ.

ಲೇಸರ್ ಮಾಡುವ ದಿನ ಹೆದರುವಂಥದ್ದೇನಿಲ್ಲ. ಇಂಜೆಕ್ಷನ್ ಇಲ್ಲ, ಮರಗಟ್ಟಿಸುವ ಡ್ರಾಪ್ಸ್ ಅಷ್ಟೇ. ಲೇಸರ್ ಹಾಯುವುದು ಒಂದು ಕಣ್ಣಿಗೆ ಒಂದು ನಿಮಿಷದೊಳಗೆ. ಲಾಸಿಕ್, ಪಿಆರ್‌ಕೆಯಲ್ಲಿ ಕೂದಲು ಸುಟ್ಟ ವಾಸನೆ ಬರುತ್ತದೆ, ಅದು ಕಣ್ಣು ಸುಡುವ ವಾಸನೆಯಲ್ಲ. ಎದುರಿನ ಮಿನುಗು ದೀಪವನ್ನೇ ನೋಡುತ್ತಿರಿ. ಕಷ್ಟವಿರುವುದು ಆಮೇಲಿನ ಶಿಸ್ತಿನಲ್ಲಿ. ವಾರದವರೆಗೆ ತಲೆಗೆ ಸ್ನಾನವಿಲ್ಲ, ಹಂಡೆ ಒಲೆಯ ಮುಂದೆ ಕೂರುವುದಿಲ್ಲ, ರಾತ್ರಿ ಕಣ್ಣಿನ ಮೇಲೆ ಕವಚ ಹಾಕಿ ಮಲಗಬೇಕು, ತಿಂಗಳವರೆಗೆ ಹೊಳೆ, ಕೆರೆಯ ಈಜಿಲ್ಲ. ಮರುದಿನ, ವಾರಕ್ಕೆ, ತಿಂಗಳಿಗೆ, ಮೂರು ತಿಂಗಳಿಗೆ ತೋರಿಸಬೇಕು. ಪಿಆರ್‌ಕೆ ಆದರೆ, ಗಾಯ ಮಾಯುವವರೆಗೆ ಕಣ್ಣಿನ ಮೇಲೆ ಇಟ್ಟಿರುವ ಬ್ಯಾಂಡೇಜ್ ಲೆನ್ಸ್ ತೆಗೆಯಲು ನಾಲ್ಕೈದು ದಿನಕ್ಕೆ ಒಂದು ಹೆಚ್ಚುವರಿ ಭೇಟಿ. ತೀರ್ಥಹಳ್ಳಿಯಿಂದ ಶಿವಮೊಗ್ಗ ಸುಮಾರು 60 ಕಿ.ಮೀ., ಬೆಂಗಳೂರು 300ಕ್ಕೂ ಮೇಲೆ. ಬೆಂಗಳೂರಿನಲ್ಲಿ ಮಾಡಿಸುವುದಾದರೆ ನಡುವೆ ತೊಂದರೆ ಬಂದರೆ ಶಿವಮೊಗ್ಗದಲ್ಲಿ ಯಾರಿಗೆ ತೋರಿಸಬೇಕು ಎನ್ನುವುದನ್ನು ಮೊದಲೇ ಬರೆಸಿಕೊಳ್ಳಿ.

ರಿಯಾಯಿತಿಯ ಬಗ್ಗೆ: ಇಬ್ಬರಿಗೆ ಒಟ್ಟಿಗೆ ಎನ್ನುವ ಮಾತು ಪರೀಕ್ಷೆಗೆ ಮೊದಲೇ ಬಂದಿದ್ದರೆ ಅಂಥ ಕಡೆ ಎಚ್ಚರಿಕೆಯಿಂದ ಇರಿ. ಹೇಳಿದ ದರ ಒಂದು ಕಣ್ಣಿನದೋ ಎರಡರದೋ, ಪರೀಕ್ಷೆ, ಔಷಧಿ, ಮುಂದಿನ ಭೇಟಿಗಳು ಸೇರಿವೆಯೋ, ಪವರ್ ಉಳಿದರೆ ಮರುಚಿಕಿತ್ಸೆಗೆ ಮತ್ತೆ ಹಣ ಕೊಡಬೇಕೋ ಎಂದು ಬಿಲ್ಲಿನಲ್ಲೇ ಬರೆಸಿ. ಆರೋಗ್ಯ ವಿಮೆ ನಂಬಿಕೊಂಡಿದ್ದರೆ, 7.5ಕ್ಕಿಂತ ಕಡಿಮೆ ಪವರ್‌ನ ದೃಷ್ಟಿದೋಷದ ಚಿಕಿತ್ಸೆಯನ್ನು ವಿಮಾ ನಿಯಂತ್ರಕ ಐಆರ್‌ಡಿಎಐ ರೂಪಿಸಿದ ಪ್ರಮಾಣಿತ ಹೊರಗಿಡುವಿಕೆಗಳಲ್ಲೇ ಸೇರಿಸಿದೆ. ನಿಮ್ಮದು 5.5, ಹಾಗಾಗಿ ಹಣ ಕೈಯಿಂದಲೇ ಹಾಕಬೇಕಾಗುತ್ತದೆ. ಪೊಲೀಸ್, ಸೇನೆ, ರೈಲ್ವೆ ಕೆಲಸದ ಆಸೆಯಿದ್ದರೆ ಆಯಾ ನೇಮಕಾತಿಯ ವೈದ್ಯಕೀಯ ನಿಯಮ ಓದಿದ ಮೇಲೆಯೇ ನಿರ್ಧರಿಸಿ. ಕಾರ್ನಿಯಾ ಶಸ್ತ್ರಚಿಕಿತ್ಸೆಯನ್ನು ಕೆಲವು ಹುದ್ದೆಗೆ ಒಪ್ಪುತ್ತಾರೆ, ಕೆಲವಕ್ಕೆ ಇಲ್ಲ.

ಶಸ್ತ್ರಚಿಕಿತ್ಸೆಗೆ ಮೊದಲಿನ ಎಲ್ಲ ಅಳತೆ, ಟೋಪೋಗ್ರಫಿ ನಕ್ಷೆ, ಎಷ್ಟು ಮೈಕ್ರಾನ್ ತೆಗೆದರು ಎನ್ನುವ ವಿವರದ ಪ್ರತಿ ಕೇಳಿ ಪಡೆದು, ಪಹಣಿ ಪತ್ರಗಳ ಜೊತೆಗೆ ಭದ್ರವಾಗಿಡಿ, ಮೊಬೈಲಿನಲ್ಲೂ ಫೋಟೋ ಇರಲಿ. ಅರವತ್ತರಲ್ಲಿ ಕಣ್ಣಿನ ಪೊರೆ ತೆಗೆದು ಲೆನ್ಸ್ ಹಾಕುವಾಗ ಅದರ ಪವರ್ ಲೆಕ್ಕ ಹಾಕಲು ಆ ಅಂಕಿಗಳು ಬಹಳ ಉಪಯೋಗಕ್ಕೆ ಬರುತ್ತವೆ. ಲೇಸರ್ ಆದ ಕಾರ್ನಿಯಾ ತೆಳುವಾದ್ದರಿಂದ ಕಣ್ಣಿನ ಒತ್ತಡವೂ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಮುಂದೆ ಯಾವ ಕಣ್ಣಿನ ವೈದ್ಯರ ಬಳಿ ಹೋದರೂ ಲೇಸರ್ ಆಗಿದೆ ಎಂದು ಅವರು ಕೇಳುವ ಮೊದಲೇ ಹೇಳಿ.